ಸೂಚಕರು ಯಾರು ಅಂತ ಕೇಳಿದ್ದೀರಾ?

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಅಂದ್ರೆ ನಮ್ಮಂಥ ಸುದ್ದಿ ವಾಹಿನಿಗಳಿಗೆ ಜಾತ್ರೆ. ಬೆಳಗ್ಗೆ 8 ಗಂಟೆಯಿಂದ್ಲೇ ನೇರಪ್ರಸಾರ. ದೇವಸ್ಥಾನದಲ್ಲಿ ಪೂಜೆ, ತಾಯಿಯ ಪಾದಕ್ಕೆ ನಮಸ್ಕಾರ, ತೆರೆದ ವಾಹನದಲ್ಲಿ ಮೆರವಣಿಗೆ, ಕ್ರೇನ್‌ನಲ್ಲಿ ಇಳಿಬಿಟ್ಟ ಸೇಬಿನ ಹಾರ, ತಮಟೆ, ಡೊಳ್ಳು, ಜೈಕಾರ. ಕೊನೆಗೆ ಅಭ್ಯರ್ಥಿ ಚುನಾವಣಾಧಿಕಾರಿಯ ಮೇಜಿನ ಮುಂದೆ ನಿಂತು, ಕಾಗದ ಕೊಡುವ ಕೈಯನ್ನ ಅರ್ಧದಲ್ಲೇ ನಿಲ್ಲಿಸಿ, ನಮ್ಮ ಕ್ಯಾಮೆರಾ ಕಡೆ ನೋಡಿ ನಗ್ತಾರೆ. ಆ ಫೋಟೋ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬರುತ್ತೆ.

ಆ ಫೋಟೋದಲ್ಲಿ ಇನ್ನೊಬ್ಬರು ಇರ್ತಾರೆ. ಗಮನಿಸಿದ್ದೀರಾ? ಒಂದು ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು, ಕೈಯಲ್ಲಿ ಮತದಾರರ ಗುರುತಿನ ಚೀಟಿ ಹಿಡ್ಕೊಂಡು, ಎಲ್ಲಿ ನೋಡ್ಬೇಕು ಅಂತ ಗೊತ್ತಾಗದೆ ನಿಂತಿರ್ತಾರೆ. ಕ್ಯಾಮೆರಾ ಅವರನ್ನ ಅರ್ಧಕ್ಕೆ ಕತ್ತರಿಸಿರುತ್ತೆ. ನಾವು ಅವರ ಹೆಸರು ಹೇಳಲ್ಲ. ನೀವೂ ಕೇಳಲ್ಲ.

ಅವರೇ ಸೂಚಕರು.

ಕಳೆದ ವಾರ ಒಬ್ಬ ವೀಕ್ಷಕರು ಫೋನ್ ಮಾಡಿದ್ರು. "ಸಾರ್, ನಮ್ಮೂರಲ್ಲಿ ಒಬ್ಬರು ಬಂದು ಸೂಚಕರಾಗಿ ಸಹಿ ಹಾಕಿ ಅಂತಿದಾರೆ. ಹಾಕಿದ್ರೆ ನಾನು ಅವರಿಗೆ ಜಾಮೀನು ನಿಂತ ಹಾಗಾ? ಅವರು ಠೇವಣಿ ಕಳ್ಕೊಂಡ್ರೆ ನಾನು ಕಟ್ಬೇಕಾ?" ಅಂತ ಕೇಳಿದ್ರು. ಮೊದಲು ನಗು ಬಂತು. ಆಮೇಲೆ ಯೋಚನೆ ಬಂತು. ಇಪ್ಪತ್ತು ವರ್ಷದಿಂದ ಚುನಾವಣೆ ಚುನಾವಣೆ ಅಂತ ಕೂಗ್ತಾ ಇದ್ದೀವಿ. ಬಿ ಫಾರಂ ಬಗ್ಗೆ ಎಷ್ಟು ಗಂಟೆ ಚರ್ಚೆ ಮಾಡಿದ್ದೀವೋ ಲೆಕ್ಕ ಇಲ್ಲ. ಸೂಚಕ ಅನ್ನೋ ಪದದ ಬಗ್ಗೆ ಐದು ನಿಮಿಷ ಮಾತಾಡಿಲ್ಲ. ಹಾಗಾಗಿ ಇವತ್ತಿನ ಮಾತು ಪೂರ್ತಿ ಈ ಒಂದು ಪದದ ಬಗ್ಗೆ.

ಮೊದಲು ಪದ ನೋಡೋಣ. ಕನ್ನಡದಲ್ಲಿ 'ಸೂಚನೆ' ಅಂದ್ರೆ ಎಷ್ಟು ಅರ್ಥ ಅಂತೀರಿ! "ಅಧಿಕಾರಿಗಳಿಗೆ ಮುಖ್ಯಮಂತ್ರಿ ಸೂಚನೆ" ಅಂತ ನಾವು ಬ್ರೇಕಿಂಗ್ ಹಾಕಿದ್ರೆ ಅದು ಅಪ್ಪಣೆ. "ಹವಾಮಾನ ಇಲಾಖೆ ಮುನ್ಸೂಚನೆ" ಅಂದ್ರೆ ಮುಂದಾಗೋದರ ಸುಳಿವು. ವಿಧಾನಸಭೆಯಲ್ಲಿ "ನಿಲುವಳಿ ಸೂಚನೆ" ಅಂದ್ರೆ ಸದನದ ಮುಂದೆ ಇಡುವ ಪ್ರಸ್ತಾವ. ಷೇರುಪೇಟೆಯ "ಸೂಚ್ಯಂಕ" ಅಂದ್ರೆ ಏರಿಳಿತ ತೋರಿಸುವ ಅಂಕಿ. ಇಷ್ಟಕ್ಕೂ ಒಂದೇ ಬೇರು. ಸೂಚಿಸು, ಅಂದ್ರೆ ತೋರಿಸು. ಸಂಸ್ಕೃತದಲ್ಲಿ ಸೂಚಿ ಅಂದ್ರೆ ಸೂಜಿ. ನಮ್ಮ ಮನೆಯ ಸೂಜಿ ಆ ಸೂಚಿಯಿಂದಲೇ ಬಂದಿದ್ದು. ಸೂಜಿಯ ಮೊನೆ ಹೇಗೆ ಒಂದೇ ಕಡೆ ತೋರಿಸುತ್ತೋ, ಹಾಗೆ ಗುಂಪಿನೊಳಗೆ ಒಬ್ಬರ ಕಡೆ ಬೆರಳು ಮಾಡಿ "ಇವರು" ಅಂತ ಹೇಳುವವರು ಸೂಚಕರು. ತಮಾಷೆ ಏನಂದ್ರೆ, ಹಳೆಯ ಸಂಸ್ಕೃತದಲ್ಲಿ ಇದೇ ಪದಕ್ಕೆ ಚಾಡಿ ಹೇಳುವವನು, ಗುಟ್ಟು ಬಿಟ್ಟುಕೊಡುವವನು ಅನ್ನೋ ಅರ್ಥವೂ ಇದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸೂಚಕರ ಜೊತೆ ಇನ್ನೊಂದು ಪದ ಕೇಳಿರ್ತೀರಿ. ಅನುಮೋದಕ. "ಅಧ್ಯಕ್ಷ ಸ್ಥಾನಕ್ಕೆ ಇಂಥವರ ಹೆಸರನ್ನ ಇವರು ಸೂಚಿಸಿದರು, ಅವರು ಅನುಮೋದಿಸಿದರು" ಅಂತ ಸಂಘಸಂಸ್ಥೆಗಳ ವರದಿಯಲ್ಲಿ ಬರುತ್ತಲ್ಲ, ಅದೇ. ಮೋದ ಅಂದ್ರೆ ಸಂತೋಷ. ಅನುಮೋದ ಅಂದ್ರೆ ಜೊತೆಗೂಡಿ ಸಂತೋಷಪಡೋದು. ಒಬ್ಬರು ತೋರಿಸಿದ್ರು, ಇನ್ನೊಬ್ಬರು "ಹೌದು, ನಂಗೂ ಖುಷಿ" ಅಂದ್ರು. ಎಷ್ಟು ಚೆನ್ನಾಗಿದೆ ನೋಡಿ.

ಈಗ ಕಾನೂನಿಗೆ ಬರೋಣ. 1951ರ ಜನಪ್ರತಿನಿಧಿ ಕಾಯ್ದೆಯ 33ನೇ ಕಲಂ. ಲೋಕಸಭೆ, ವಿಧಾನಸಭೆ ಚುನಾವಣೆಗೆ ನಾಮಪತ್ರ ಹೇಗಿರಬೇಕು ಅಂತ ಹೇಳೋದು ಅದೇ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಾಗಿದ್ರೆ, ಅಥವಾ ನೋಂದಣಿ ಮಾತ್ರ ಆಗಿ ಮಾನ್ಯತೆ ಸಿಗದ ಪಕ್ಷದವರಾಗಿದ್ರೆ, 10 ಸೂಚಕರು ಬೇಕು. ಪ್ರತಿಯೊಬ್ಬರೂ ಆ ಕ್ಷೇತ್ರದ ಮತದಾರರೇ ಆಗಿರಬೇಕು. ಪಕ್ಕದ ಕ್ಷೇತ್ರದವರು ನಡೆಯಲ್ಲ.

ಇಲ್ಲೊಂದು ಸ್ವಾರಸ್ಯ ಇದೆ. ನಾಮಪತ್ರದ ನಮೂನೆಯನ್ನ ಎಷ್ಟು ಜನ ಓದಿದ್ದೀರಿ? ಲೋಕಸಭೆಗೆ ನಮೂನೆ 2ಎ, ವಿಧಾನಸಭೆಗೆ 2ಬಿ. ಅದರಲ್ಲಿ ಮೊದಲು ಮಾತಾಡೋದು ಅಭ್ಯರ್ಥಿ ಅಲ್ಲ, ಸೂಚಕರು. ಈ ಕ್ಷೇತ್ರದ ಚುನಾವಣೆಗೆ ಅಭ್ಯರ್ಥಿಯಾಗಿ ಇಂಥವರನ್ನು ನಾನು ಹೆಸರಿಸುತ್ತೇನೆ ಅನ್ನೋ ಮಾತು ಅದು. ಕೆಳಗೆ ಸೂಚಕರ ಹೆಸರು, ಮತದಾರರ ಪಟ್ಟಿಯ ಕ್ರಮಸಂಖ್ಯೆ, ಸಹಿ. ಅಭ್ಯರ್ಥಿಯ ಮಾತು ಬರೋದು ಆಮೇಲೆ. ಅವರು ಅಲ್ಲಿ ಏನು ಹೇಳ್ತಾರೆ? ಈ ಸೂಚನೆಗೆ ನನ್ನ ಒಪ್ಪಿಗೆ ಇದೆ ಅಂತಾರೆ. ಅಷ್ಟೇ.

ಅಂದ್ರೆ ಕಾನೂನಿನ ಕಣ್ಣಲ್ಲಿ ಯಾರೂ ತಮ್ಮನ್ನ ತಾವೇ ಅಭ್ಯರ್ಥಿ ಅಂತ ಘೋಷಿಸಿಕೊಳ್ಳಲ್ಲ. ಮತದಾರ ಹೆಸರಿಸ್ತಾನೆ, ಅವರು ಒಪ್ಕೋತಾರೆ. ಕ್ರಿಯಾಪದ ಮತದಾರನದ್ದು. ನಾವು ಮಾತ್ರ "ಇಂಥವರಿಂದ ನಾಮಪತ್ರ ಸಲ್ಲಿಕೆ" ಅಂತ ಅಭ್ಯರ್ಥಿಗೇ ಪೂರ್ತಿ ಕ್ರಿಯೆ ಕೊಟ್ಟುಬಿಟ್ಟಿದ್ದೀವಿ. ಸಲ್ಲಿಸೋದನ್ನೂ ಅಭ್ಯರ್ಥಿಯೇ ಬಂದು ಮಾಡಬೇಕು ಅಂತಿಲ್ಲ. ಬೆಳಗ್ಗೆ 11ರಿಂದ ಮಧ್ಯಾಹ್ನ 3 ಗಂಟೆಯೊಳಗೆ ಸೂಚಕರೇ ಹೋಗಿ ಕೊಡಬಹುದು. ಅಭ್ಯರ್ಥಿ ಆಸ್ಪತ್ರೆಯಲ್ಲಿದ್ರೂ ಜೈಲಿನಲ್ಲಿದ್ರೂ ನಾಮಪತ್ರ ತಲುಪೋದು ಹೀಗೇನೇ.

ಹಾಗಾದ್ರೆ ಬಿ ಫಾರಂ ಏನು? ಅದು ಪಕ್ಷದ ಪತ್ರ. ಇವರು ನಮ್ಮ ಅಭ್ಯರ್ಥಿ, ನಮ್ಮ ಚಿಹ್ನೆ ಇವರಿಗೆ ಕೊಡಿ ಅಂತ ಪಕ್ಷ ಚುನಾವಣಾಧಿಕಾರಿಗೆ ಹೇಳೋ ಕಾಗದ. ಬಿ ಫಾರಂ ಬರದೇ ಇದ್ರೆ ಪಕ್ಷದ ಚಿಹ್ನೆ ಸಿಗಲ್ಲ. ಆದ್ರೆ ಸೂಚಕರ ಸಹಿ ಇಲ್ಲದೇ ಇದ್ರೆ ಅಭ್ಯರ್ಥಿತನವೇ ಇಲ್ಲ. ಬಿ ಫಾರಂಗೋಸ್ಕರ ದೆಹಲಿಗೆ ವಿಮಾನ ಹತ್ತುತ್ತಾರೆ, ರಾತ್ರಿಯೆಲ್ಲ ನಾಯಕರ ಮನೆ ಬಾಗಿಲಲ್ಲಿ ಕಾಯ್ತಾರೆ, ಸಿಗದೇ ಇದ್ರೆ ಕ್ಯಾಮೆರಾ ಮುಂದೆ ಕಣ್ಣೀರು ಹಾಕ್ತಾರೆ. ಸೂಚಕರ ಸಹಿಯನ್ನ ಹೊರಡೋ ಮುಂಚೆ "ಲೇ, ಯಾರಾದ್ರೂ ಒಬ್ಬರು ಬರ್ರೋ" ಅಂತ ಹಾಕಿಸ್ಕೋತಾರೆ.

ನಮ್ಮ ರಾಜ್ಯಕ್ಕೆ ಹೊರಗಿನಿಂದ ಬಂದು ನಿಂತ ದೊಡ್ಡವರನ್ನ ನೆನಪು ಮಾಡ್ಕೊಳ್ಳಿ. 1978ರ ಚಿಕ್ಕಮಗಳೂರು ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತ್ರು, ಎದುರಿಗೆ ವೀರೇಂದ್ರ ಪಾಟೀಲರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್. ಲೋಕಸಭೆಗೆ ನಿಲ್ಲುವವರು ದೇಶದ ಯಾವ ಕ್ಷೇತ್ರದ ಮತದಾರರಾಗಿದ್ರೂ ಸಾಕು. ಆದ್ರೆ ಸೂಚಕರು? ಚಿಕ್ಕಮಗಳೂರಿನಲ್ಲಿ ಚಿಕ್ಕಮಗಳೂರಿನವರೇ, ಬಳ್ಳಾರಿಯಲ್ಲಿ ಬಳ್ಳಾರಿಯವರೇ ಆಗಬೇಕು. ಎಷ್ಟೇ ದೊಡ್ಡ ನಾಯಕರಿರಲಿ, ಊರೊಳಗಿನ ಒಬ್ಬ ಮತದಾರ ಬಾಗಿಲು ತೆಗೆಯದೆ ಒಳಗೆ ಕಾಲಿಡೋ ಹಾಗಿಲ್ಲ. ಇದು ಆ ಪದದ ಮರ್ಯಾದೆ.

ಈ ಮರ್ಯಾದೆಯನ್ನ ಅರ್ಥ ಮಾಡ್ಕೊಂಡ ನಾಯಕರೂ ಇದ್ದಾರೆ. ವಾರಾಣಸಿಯಲ್ಲಿ 2014ರಲ್ಲಿ ನರೇಂದ್ರ ಮೋದಿ ಅವರ ಸೂಚಕರಲ್ಲಿ ಒಬ್ಬ ದೋಣಿ ನಡೆಸುವವರು, ಒಬ್ಬ ನೇಕಾರರು ಇದ್ರು. 2019ರಲ್ಲಿ ಗಂಗೆಯ ದಡದ ಸ್ಮಶಾನದ ಕೆಲಸ ನೋಡಿಕೊಳ್ಳುವ ಡೋಮ್ ರಾಜ ಮನೆತನದವರು ಸಹಿ ಹಾಕಿದ್ರು. ಇದರ ಹಿಂದೆ ರಾಜಕೀಯದ ಲೆಕ್ಕಾಚಾರ ಇಲ್ವಾ? ಇದ್ದೇ ಇದೆ. ಆದ್ರೆ ಸೂಚಕ ಯಾರು ಅನ್ನೋದು ಒಂದು ಮಾತು ಹೇಳುತ್ತೆ ಅನ್ನೋದನ್ನ ಅವರು ಗುರುತಿಸಿದ್ರು. ಆ ದಿನ ಮಾತ್ರ ನಾವು ಟಿವಿಯವರೂ ಸೂಚಕರ ಹೆಸರು ಹೇಳಿದ್ವಿ.

ಒಬ್ಬರಿದ್ದ ಸೂಚಕರು ಹತ್ತಾಗಿದ್ದು ಹೇಗೆ? ಅದರಲ್ಲಿ ನಮ್ಮ ಬೆಳಗಾವಿಯ ಪಾಲೂ ಇದೆ.

1951ರ ಮೂಲ ಕಾಯ್ದೆಯಲ್ಲಿ ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಇಬ್ಬರೂ ಬೇಕಿತ್ತು. 1956ರ ತಿದ್ದುಪಡಿಯಲ್ಲಿ ಅನುಮೋದಕರನ್ನ ಕೈಬಿಟ್ರು. ನಲವತ್ತು ವರ್ಷ ಒಬ್ಬ ಸೂಚಕರಲ್ಲೇ ನಡೀತು. ಲೋಕಸಭೆಗೆ ಠೇವಣಿ 500 ರೂಪಾಯಿ. 1996 ಬಂತು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಅಭ್ಯರ್ಥಿಗಳು. ಆಂಧ್ರದ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480. ಬೆಳಗಾವಿಯಲ್ಲಿ 456. ನಲ್ಗೊಂಡದವರು ಫ್ಲೋರೈಡ್ ನೀರಿನ ಸಂಕಟವನ್ನ ದೇಶಕ್ಕೆ ತೋರಿಸೋಕೆ ನಿಂತ್ರು. ಬೆಳಗಾವಿಯಲ್ಲಿ ಗಡಿ ವಿವಾದದ ಕಡೆ ಗಮನ ಸೆಳೆಯೋಕೆ ಎಂಇಎಸ್ ಕಡೆಯವರು ಸಾಲುಸಾಲಾಗಿ ನಾಮಪತ್ರ ಹಾಕಿದ್ರು. ಆಗ ಇನ್ನೂ ಕಾಗದದ ಮತಪತ್ರದ ಕಾಲ. 456 ಹೆಸರು, 456 ಚಿಹ್ನೆ. ಮತಪತ್ರ ಹೋಗಿ ಪುಸ್ತಕ ಆಯ್ತು.

ಅದೇ ವರ್ಷ ಕಾಯ್ದೆ ತಿದ್ದಿದ್ರು. ಪಕ್ಷೇತರರಿಗೆ 10 ಸೂಚಕರು, ಲೋಕಸಭೆಯ ಠೇವಣಿ 500ರಿಂದ 10,000 ರೂಪಾಯಿಗೆ ಏರಿಕೆ, ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವ ಹಾಗಿಲ್ಲ. ಪರಿಣಾಮ ನೋಡಿ. 1996ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 13,952 ಅಭ್ಯರ್ಥಿಗಳು. 1998ರಲ್ಲಿ 4,750. ಮೂರರಲ್ಲಿ ಎರಡು ಭಾಗ ಹೋಯ್ತು. ಇವತ್ತು ಠೇವಣಿ ಲೋಕಸಭೆಗೆ 25,000, ವಿಧಾನಸಭೆಗೆ 10,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ.

ಹುಡುಗಾಟಕ್ಕೆ ನಿಲ್ಲುವವರನ್ನ ತಡೆಯೋಕೆ ಈ ನಿಯಮ ಬೇಕಿತ್ತು ಅನ್ನೋ ವಾದ ಸರಿ. ಆದ್ರೆ ಹತ್ತು ಸಹಿ ಅನ್ನೋದು ಎಲ್ಲರಿಗೂ ಒಂದೇ ತೂಕ ಅಲ್ಲ. ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳ್ತೀನಿ. 2008ರ ವಿಧಾನಸಭಾ ಚುನಾವಣೆ. ನಾನು ಆಗ ಜಿಲ್ಲಾ ವರದಿಗಾರ. ಒಬ್ಬ ನಿವೃತ್ತ ಮೇಷ್ಟ್ರು ಪಕ್ಷೇತರರಾಗಿ ನಿಂತಿದ್ರು. ಕೆರೆ ಹೂಳೆತ್ತಿಸಬೇಕು ಅನ್ನೋದು ಅವರ ಒಂದೇ ವಿಷಯ. ಸೈಕಲ್ಲಿನಲ್ಲಿ ಊರೂರು ತಿರುಗಿ ಹತ್ತು ಜನರ ಸಹಿ ತಂದಿದ್ರು. ಹತ್ತೂ ಅವರ ಹಳೇ ವಿದ್ಯಾರ್ಥಿಗಳದ್ದೇ. ನಾಮಪತ್ರ ಪರಿಶೀಲನೆಯ ದಿನ ತಿರಸ್ಕೃತ ಆಯ್ತು. ಕಾರಣ? ಆ ಚುನಾವಣೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ನಡೆದ ಮೊದಲ ಚುನಾವಣೆ. ಹತ್ತನೇ ಸೂಚಕರ ಹಳ್ಳಿ ಪಕ್ಕದ ಕ್ಷೇತ್ರಕ್ಕೆ ಹೋಗಿಬಿಟ್ಟಿತ್ತು. ಉಳಿದಿದ್ದು ಒಂಬತ್ತು ಸಹಿ.

ಹೊರಗೆ ಬಂದ ಮೇಷ್ಟ್ರ ಮುಂದೆ ನಾನು ಮೈಕ್ ಹಿಡಿದೆ. ಅವರು ಯಾರನ್ನೂ ಬೈಲಿಲ್ಲ. "ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ತಲೆ ಎಣಿಸಿದೆ ಕಣಪ್ಪ, ಗಡಿ ಎಣಿಸಲಿಲ್ಲ" ಅಂದ್ರು. ಸೈಕಲ್ ತಗೊಂಡು ಹೊರಟ್ರು. ಆ ಬೈಟ್ ಸಂಜೆಯ ಸುದ್ದಿಯಲ್ಲಿ ಹೋಗಲಿಲ್ಲ. ಆ ದಿನ ಯಾವುದೋ ದೊಡ್ಡವರ ಮೆರವಣಿಗೆ ಇತ್ತು.

ಮೇಷ್ಟ್ರದ್ದು ಅರಿಯದೆ ಆದ ತಪ್ಪು. ಅರಿತು ಸಹಿ ಹಾಕಿ ಆಮೇಲೆ ಬೇರೆ ಕಡೆ ನಿಂತ ಸೂಚಕರ ಕಥೆ ಕೇಳಬೇಕಾ? ಅದು ಈ ದೇಶದ ಅತಿ ದೊಡ್ಡ ಹುದ್ದೆಯ ಚುನಾವಣೆ, ಮತ್ತು ಕಥೆ ಶುರುವಾಗೋದು ನಮ್ಮ ಬೆಂಗಳೂರಿನಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡ್ರು. ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ನಾಯಕರ ಸಭೆ. ಆಗ ಪಕ್ಷದ ಅಧ್ಯಕ್ಷರು ನಮ್ಮವರೇ, ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಮುಂದಿಟ್ರು. ಪಕ್ಷದ ಸಂಸದೀಯ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿ ಅವರ ಕಡೆ ಹೋಯ್ತು. ಇಂದಿರಾ ಸೋತ್ರು. ಆದ್ರೂ ಪಕ್ಷದ ಶಿಸ್ತು ಅಂತ ರೆಡ್ಡಿ ಅವರ ನಾಮಪತ್ರಕ್ಕೆ ಸ್ವತಃ ಸೂಚಕರಾಗಿ ಸಹಿ ಹಾಕಿದ್ರು.

ಆಮೇಲೆ ನಡೆದಿದ್ದು ಇತಿಹಾಸ. ವಿ.ವಿ. ಗಿರಿ ಪಕ್ಷೇತರರಾಗಿ ಕಣದಲ್ಲಿದ್ರು. ಇದೇ ಗಿರಿ ಅವರು ಕೆಲವೇ ವರ್ಷದ ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದವರ ಜೊತೆ ಮಾತಾಡಿದ್ದನ್ನ ಹಿಡ್ಕೊಂಡು ಇಂದಿರಾ ತಿರುಗಿಬಿದ್ರು. ಆತ್ಮಸಾಕ್ಷಿಯ ಪ್ರಕಾರ ಮತ ಹಾಕಿ ಅನ್ನೋ ಕರೆ ಹೊರಟಿತು. ಆಗಸ್ಟ್ 16ಕ್ಕೆ ಮತದಾನ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಗಿರಿ ಅವರಿಗೆ 4,20,077, ರೆಡ್ಡಿ ಅವರಿಗೆ 4,05,427. ಗಿರಿ ಗೆದ್ರು. ನವೆಂಬರ್‌ನಲ್ಲಿ ಇಂದಿರಾ ಅವರನ್ನ ಪಕ್ಷದಿಂದ ಹೊರಹಾಕಿದ್ರು, ಕಾಂಗ್ರೆಸ್ ಎರಡು ಹೋಳಾಯ್ತು.

ಇಲ್ಲಿ ಪದದ ಪ್ರಶ್ನೆ ಏಳುತ್ತೆ. ಸೂಚಿಸಿದವರು ತಾವು ಸೂಚಿಸಿದವರಿಗೇ ಮತ ಹಾಕಬೇಕಾ? ಕಾನೂನು ಹಾಗೆ ಹೇಳಲ್ಲ. ಮತ ರಹಸ್ಯ. ಸೂಚಕರೂ ಮತಗಟ್ಟೆಯೊಳಗೆ ಹೋದ ಮೇಲೆ ಸ್ವತಂತ್ರರು. ನೀತಿಯ ಪ್ರಶ್ನೆ ಬೇರೆ. ಬೆರಳು ಒಬ್ಬರ ಕಡೆ, ಮನಸ್ಸು ಇನ್ನೊಬ್ಬರ ಕಡೆ ಆದ್ರೆ ಆ ಸಹಿಗೆ ಏನು ಬೆಲೆ? ಅರ್ಧ ಶತಮಾನ ದಾಟಿದ್ರೂ ಈ ವಾದ ಮುಗಿದಿಲ್ಲ.

ಆ ಚುನಾವಣೆಯಲ್ಲಿ ಕಣದಲ್ಲಿದ್ದವರು 15 ಜನ. ಆಗ ರಾಷ್ಟ್ರಪತಿ ಸ್ಥಾನಕ್ಕೂ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ರೆ ಸಾಕಿತ್ತು. 1974ರಲ್ಲಿ ಅದನ್ನ ಹತ್ತು ಮತ್ತು ಹತ್ತು ಮಾಡಿದ್ರು. 1997ರಲ್ಲಿ 50 ಸೂಚಕರು, 50 ಅನುಮೋದಕರು ಅಂತಾಯ್ತು. ಉಪರಾಷ್ಟ್ರಪತಿಗೆ 20 ಮತ್ತು 20. ಇವತ್ತಿಗೂ ಅದೇ. ಲೋಕಸಭೆಯ ಚುನಾವಣೆಯಿಂದ 1956ರಲ್ಲೇ ಹೊರಗೆ ಹೋದ ಅನುಮೋದಕರು ರಾಷ್ಟ್ರಪತಿ ಚುನಾವಣೆಯಲ್ಲಿ ಇನ್ನೂ ಉಳಿದಿದ್ದಾರೆ.

ಈಗ ಇತ್ತೀಚಿನ ಕಥೆ. 2024ರ ಲೋಕಸಭಾ ಚುನಾವಣೆ, ಗುಜರಾತಿನ ಸೂರತ್. ಕಾಂಗ್ರೆಸ್ ಅಭ್ಯರ್ಥಿ ನಿಲೇಶ್ ಕುಂಭಾಣಿ ಮೂರು ಪ್ರತಿ ನಾಮಪತ್ರ ಕೊಟ್ಟಿದ್ರು, ಮೂರಕ್ಕೂ ಬೇರೆ ಬೇರೆ ಸೂಚಕರು. ಸೂಚಕರು ಅಭ್ಯರ್ಥಿಗೆ ಹತ್ತಿರದವರೇ ಅಂತ ಆಗ ವರದಿಯಾಯ್ತು. ಪರಿಶೀಲನೆಯ ಹೊತ್ತಿಗೆ ಸೂಚಕರು "ಆ ಸಹಿ ನಮ್ಮದಲ್ಲ" ಅಂತ ಪ್ರಮಾಣಪತ್ರ ಕೊಟ್ರು. ಏಪ್ರಿಲ್ 21ಕ್ಕೆ ನಾಮಪತ್ರ ತಿರಸ್ಕೃತ. ಪಕ್ಷ ಇಟ್ಟುಕೊಂಡಿದ್ದ ಬದಲಿ ಅಭ್ಯರ್ಥಿಯದ್ದೂ ಹಾಗೇ ತಿರಸ್ಕೃತ. ಮರುದಿನ ಏಪ್ರಿಲ್ 22ಕ್ಕೆ ಉಳಿದವರೆಲ್ಲ ನಾಮಪತ್ರ ವಾಪಸ್ ತಗೊಂಡ್ರು. ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆ ಅಂತ ಘೋಷಣೆ ಆಯ್ತು.

ಸೂಚಕರ ಮೇಲೆ ಒತ್ತಡ ಇತ್ತು ಅಂತ ಕಾಂಗ್ರೆಸ್ ಆರೋಪಿಸಿತು. ಬಿಜೆಪಿ ಅದನ್ನ ನಿರಾಕರಿಸಿತು. ಕೆಲವೇ ದಿನದಲ್ಲಿ ಕಾಂಗ್ರೆಸ್ ತನ್ನದೇ ಅಭ್ಯರ್ಥಿಯನ್ನ ಅಮಾನತು ಮಾಡಿತು. ಯಾರದ್ದು ಸರಿ, ಯಾರದ್ದು ತಪ್ಪು ಅಂತ ತೀರ್ಪು ಕೊಡೋಕೆ ನಾನು ಇಲ್ಲಿ ಕೂತಿಲ್ಲ. ನಾನು ಹೇಳೋದು ಸೂರತ್ತಿನ ಮತದಾರರ ಬಗ್ಗೆ. ಆ ಸಲ ಅವರ್ಯಾರ ಬೆರಳಿಗೂ ಶಾಯಿ ಬೀಳಲಿಲ್ಲ. ನೋಟಾ ಒತ್ತಬಹುದಿತ್ತಲ್ಲ ಅಂತೀರಾ? ಮತದಾನ ನಡೆದ್ರೆ ತಾನೆ ನೋಟಾ! ಒಂದು ಸ್ಥಾನಕ್ಕೆ ಒಬ್ಬರೇ ಉಳಿದ್ರೆ ಅವರು ಗೆದ್ದರು ಅಂತ ತಕ್ಷಣ ಘೋಷಿಸಬೇಕು. ಕಾಯ್ದೆಯ 53ನೇ ಕಲಂ ಹೇಳೋದು ಅದನ್ನೇ. ಲಕ್ಷಾಂತರ ಜನರ ಮತಪೆಟ್ಟಿಗೆಗೆ ಬೀಗ ಬಿದ್ದಿದ್ದು ಕೆಲವೇ ಸೂಚಕರ ಮಾತಿನಿಂದ. ಸೂಚಕ ಪದಕ್ಕೆ ಹಳೇ ಸಂಸ್ಕೃತದಲ್ಲಿದ್ದ ಇನ್ನೊಂದು ಅರ್ಥ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಒಂದೇ ಪದದಲ್ಲಿ ತೋರಿಸುವವನೂ ಇದ್ದಾನೆ, ಬಿಟ್ಟುಕೊಡುವವನೂ ಇದ್ದಾನೆ.

ಹಾಗಂತ ಸಣ್ಣಪುಟ್ಟ ತಪ್ಪಿಗೆಲ್ಲ ನಾಮಪತ್ರ ಹೋಗುತ್ತೆ ಅಂತ ಹೆದರಬೇಡಿ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ, ಪಟ್ಟಿಯ ಕ್ರಮಸಂಖ್ಯೆಯಲ್ಲಿ ಬರವಣಿಗೆಯ ತಪ್ಪು, ಇಂಥದ್ದನ್ನ ಚುನಾವಣಾಧಿಕಾರಿ ಸರಿಪಡಿಸಿಕೊಳ್ಳಬೇಕು, ಇಲ್ಲಾ ಬಿಟ್ಟುಬಿಡಬೇಕು. ಗಂಭೀರವಲ್ಲದ ದೋಷಕ್ಕೆ ತಿರಸ್ಕರಿಸುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಆದ್ರೆ ಸಹಿ ಅಸಲಿ ಅಲ್ಲ ಅಂದ್ರೆ, ಸೂಚಕರ ಸಂಖ್ಯೆ ಕಡಿಮೆ ಅಂದ್ರೆ, ಸೂಚಕರು ಆ ಕ್ಷೇತ್ರದ ಮತದಾರರೇ ಅಲ್ಲ ಅಂದ್ರೆ ಉಳಿಗಾಲ ಇಲ್ಲ. ಸಹಿ ಬಾರದವರು ಸೂಚಕರಾಗಬಹುದಾ? ಖಂಡಿತ ಆಗಬಹುದು. ಹೆಬ್ಬೆಟ್ಟನ್ನ ಮನೆಯಲ್ಲಿ ಒತ್ತಿ ಕಳಿಸಿದ್ರೆ ಆಗಲ್ಲ, ಚುನಾವಣಾಧಿಕಾರಿ ಅಥವಾ ಗೊತ್ತುಮಾಡಿದ ಅಧಿಕಾರಿಯ ಎದುರಿಗೇ ಒತ್ತಬೇಕು.

ಇನ್ನು ನಮ್ಮ ಭಾಷೆಯ ಗೊಂದಲಕ್ಕೆ ಬರೋಣ. ಇದರಲ್ಲಿ ನಮ್ಮದೂ ಅಪರಾಧ ಇದೆ. ಒಂದು ಸಲ ನಮ್ಮದೇ ಪರದೆಯ ಕೆಳಗೆ "ವಿಧಾನ ಪರಿಷತ್ತಿಗೆ ಐವರ ನಾಮಕರಣ" ಅಂತ ಓಡ್ತಾ ಇತ್ತು. ಒಬ್ಬ ತಾಯಿ ಫೋನ್ ಮಾಡಿ "ಏನಪ್ಪಾ, ಐದು ತೊಟ್ಟಿಲು ಕಟ್ಟಿದ್ರಾ?" ಅಂತ ಕೇಳಿದ್ರು. ಹಳೇ ಪತ್ರಿಕೆಗಳಲ್ಲಿ ನಾಮಕರಣ ಸದಸ್ಯ ಅಂತ ಬರೀತಿದ್ರು, ತಪ್ಪು ಅಂತ ಹೇಳೋಕಾಗಲ್ಲ. ಆದ್ರೆ ಈಗ ಅದಕ್ಕೆ 'ನಾಮನಿರ್ದೇಶನ' ಅನ್ನೋ ಪದ ನಿಂತಿದೆ. ರಾಜ್ಯಪಾಲರು ನಮ್ಮ ವಿಧಾನ ಪರಿಷತ್ತಿನ 75ರಲ್ಲಿ 11 ಜನರನ್ನ ನಾಮನಿರ್ದೇಶನ ಮಾಡ್ತಾರೆ. ರಾಷ್ಟ್ರಪತಿಗಳು ರಾಜ್ಯಸಭೆಗೆ 12 ಜನರನ್ನ ಮಾಡ್ತಾರೆ. ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ಹಾಗೇ ರಾಜ್ಯಸಭೆಗೆ ಹೋದವರು. ಹೋಗಿ ಮಕ್ಕಳ ಪಾಟಿಚೀಲದ ಭಾರದ ಬಗ್ಗೆ ಮಾತಾಡಿ ಬಂದ್ರು. 2022ರಲ್ಲಿ ವೀರೇಂದ್ರ ಹೆಗ್ಗಡೆಯವರು, 2024ರಲ್ಲಿ ಸುಧಾ ಮೂರ್ತಿಯವರು ಹೋಗಿದ್ದೂ ಹಾಗೇನೇ.

ಇಂಗ್ಲಿಷಿನಲ್ಲಿ ಇದಕ್ಕೂ ನಾಮಿನೇಷನ್, ಅದಕ್ಕೂ ನಾಮಿನೇಷನ್. ಬ್ಯಾಂಕಿನಲ್ಲಿ ನೀವು ಹೆಸರು ಬರೆಸ್ತೀರಲ್ಲ, ಅದೂ ನಾಮಿನೇಷನ್. ಕನ್ನಡದಲ್ಲಿ ನಮಗೆ ಬೇರೆ ಬೇರೆ ಪದ ಇರೋದು ಪುಣ್ಯ. ಮತದಾರ ಮಾಡೋದು ಸೂಚನೆ. ಆ ಸೂಚನೆ ಇರೋ ಕಾಗದ ನಾಮಪತ್ರ. ಚುನಾವಣೆಯೇ ಇಲ್ಲದೆ ನೇರವಾಗಿ ಹೆಸರಿಸಿದ್ರೆ ನಾಮನಿರ್ದೇಶನ. ಮೊದಲನೆಯದು ಪರೀಕ್ಷೆಗೆ ಕಟ್ಟೋದು, ಕೊನೆಯದು ನೇರವಾಗಿ ಪದವಿ ಕೊಡೋದು. ವ್ಯತ್ಯಾಸ ಬರೀ ಪದದ್ದಲ್ಲ. ನಾಮನಿರ್ದೇಶಿತ ಸದಸ್ಯರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಇಲ್ಲ. ಮತ ಇಲ್ಲದ ಮೇಲೆ ಅಲ್ಲಿ ಅವರು ಸೂಚಕರೂ ಆಗೋ ಹಾಗಿಲ್ಲ.

ನಿಲ್ಲುವವರಿಗೆ ಇರೋ ಹೆಸರುಗಳನ್ನೂ ನೋಡಿ. ನಮ್ಮ ಅಜ್ಜಂದಿರು 'ಉಮೇದುವಾರ' ಅಂತಿದ್ರು. ಪಾರ್ಸಿಯಿಂದ ಬಂದ ಪದ. ಉಮೇದು ಅಂದ್ರೆ ಆಸೆ, ಭರವಸೆ. 'ಅಭ್ಯರ್ಥಿ' ಅಂದ್ರೆ ಬೇಡುವವನು. ಒಬ್ಬ ಆಸೆ ಇಟ್ಟುಕೊಂಡವನು, ಇನ್ನೊಬ್ಬ ಕೈ ಚಾಚಿದವನು. ನಾವು ಟಿವಿಯವರು ಇವೆರಡನ್ನೂ ಬಿಟ್ಟು ಹುರಿಯಾಳು, ಕಲಿ, ಅಖಾಡ, ತೊಡೆ ತಟ್ಟಿದ್ರು ಅಂತ ಚುನಾವಣೆಯನ್ನ ಕುಸ್ತಿ ಮಾಡಿಬಿಟ್ಟಿದ್ದೀವಿ. ಕುಸ್ತಿಯಲ್ಲಿ ಸೂಚಕರಿಗೆ ಜಾಗ ಇಲ್ಲ. ಬೇಡುವವನು ಅಂದಾಗ ಮಾತ್ರ ಕೊಡುವವರು ಯಾರು ಅನ್ನೋ ಪ್ರಶ್ನೆ ಬರುತ್ತೆ.

ಇನ್ನು ಫೋನ್ ಮಾಡಿದ್ದ ವೀಕ್ಷಕರಿಗೆ ಉತ್ತರ. ಸ್ವಾಮಿ, ಸೂಚಕ ಅಂದ್ರೆ ಜಾಮೀನುದಾರ ಅಲ್ಲ. ಠೇವಣಿ ಹೋದ್ರೆ ನೀವು ಕಟ್ಟಬೇಕಾಗಿಲ್ಲ. ಅವರ ಸಾಲಕ್ಕೂ ಕೇಸಿಗೂ ನೀವು ಹೊಣೆ ಅಲ್ಲ. ನೀವು ಅವರಿಗೇ ಮತ ಹಾಕಬೇಕು ಅಂತ ಕಾನೂನು ಕಟ್ಟಿಹಾಕಲ್ಲ. ನಾಮಪತ್ರ ವಾಪಸ್ ತೆಗೆಯುವ ಅಧಿಕಾರವೂ ಅಭ್ಯರ್ಥಿಯದ್ದೇ, ಅವರು ಬರೆದುಕೊಟ್ರೆ ಮಾತ್ರ ನೀವು ಆ ಕಾಗದ ತಲುಪಿಸಬಹುದು. ಆದ್ರೆ ಸಹಿ ಹಾಕೋ ಮುಂಚೆ ಮೂರು ಕೆಲಸ ಮಾಡಿ. ಒಂದು, ನಿಮ್ಮ ಹೆಸರು ಈಗಲೂ ಆ ಕ್ಷೇತ್ರದ ಪಟ್ಟಿಯಲ್ಲಿದೆಯಾ ನೋಡಿ, ಮೇಷ್ಟ್ರ ಹತ್ತನೇ ಶಿಷ್ಯನ ಹಾಗೆ ಆಗೋದು ಬೇಡ. ಎರಡು, ಖಾಲಿ ನಮೂನೆಗೆ ಸಹಿ ಹಾಕಬೇಡಿ, ಯಾರ ಹೆಸರು ಬರೆದಿದೆ ಅಂತ ಓದಿ. ಮೂರು, ನಾಳೆ ಯಾರಾದ್ರೂ ಬಂದು "ಇದು ನಿಮ್ಮ ಸಹಿನಾ?" ಅಂತ ಕೇಳಿದ್ರೆ, ಎದುರಿಗೆ ಯಾರೇ ಇರಲಿ, ಹೌದು ಅಂತ ಹೇಳೋ ಧೈರ್ಯ ಇದ್ರೆ ಮಾತ್ರ ಹಾಕಿ.

ಗ್ರಾಮ ಪಂಚಾಯ್ತಿಯಿಂದ ಹಿಡಿದು ಲೋಕಸಭೆವರೆಗೆ, ಅವಿರೋಧ ಆಯ್ಕೆ ಅಂದಾಗೆಲ್ಲ ನಾವು ಪಟಾಕಿ ಹೊಡೀತೀವಿ. ಕೆಲವು ಸಲ ಅದು ಊರಿನ ಒಗ್ಗಟ್ಟು. ಕೆಲವು ಸಲ ಇನ್ನೊಬ್ಬರಿಗೆ ಸಹಿ ಹಾಕೋಕೆ ಊರಲ್ಲಿ ಯಾರಿಗೂ ಧೈರ್ಯ ಬರಲಿಲ್ಲ ಅನ್ನೋದರ ಗುರುತು. ಯಾವುದು ಅಂತ ತಿಳಿಯೋಕೆ ಒಂದೇ ದಾರಿ, ಸೂಚಕರು ಯಾಕೆ ಬರಲಿಲ್ಲ ಅಂತ ಕೇಳೋದು.

ಮುಂದಿನ ಚುನಾವಣೆಯಲ್ಲಿ ನಮ್ಮ ವರದಿಗಾರರಿಗೆ ಒಂದು ಮಾತು ಹೇಳಿದ್ದೀನಿ. ಅಭ್ಯರ್ಥಿಯ ಬೈಟ್ ತಗೊಳ್ಳಿ, ಸೇಬಿನ ಹಾರನೂ ತೋರಿಸಿ. ಆಮೇಲೆ ಪಕ್ಕದಲ್ಲಿ ನಿಂತಿರೋ ಬಿಳಿ ಅಂಗಿಯವರ ಕಡೆ ಮೈಕ್ ತಿರುಗಿಸಿ ಎರಡು ಪ್ರಶ್ನೆ ಕೇಳಿ. ನಿಮ್ಮ ಹೆಸರೇನು? ಇವರನ್ನ ಯಾಕೆ ಸೂಚಿಸಿದ್ರಿ? ಉತ್ತರ ಬಂದ್ರೆ ಅದನ್ನ ಸಂಜೆಯ ಸುದ್ದಿಯಲ್ಲಿ ನಾನೇ ಓದ್ತೀನಿ.